ಅಂದಾಜುಪಟ್ಟಿಯೊಳಗೆ ಬರಲಿ ಸುಸ್ಥಿರತೆ: ಬಾಗಲಕೋಟೆಯ ನೆಲದಿಂದ ಸಿವಿಲ್ ಎಂಜಿನಿಯರಿಂಗ್ ಶಿಕ್ಷಣದ ಒಂದು ಸಮೀಕ್ಷೆ

ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಅದನ್ನು ತೆರೆಯಿತು. ಮರುವರ್ಷ, 1964ರ ಮೇ 22ರಂದು, ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟುವ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಒಂದು ವರ್ಷದ ಅಂತರದಲ್ಲಿ ಮೊದಲಾದ ಈ ಎರಡು ಕೆಲಸಗಳು ಮುಂದೆ ಒಂದೇ ಊರಿನಲ್ಲಿ ಎದುರುಬದುರಾದವು. ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿತು. ಮುಳುಗಡೆಯಾದವರಿಗಾಗಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ ನವನಗರ ಸೆಕ್ಟರುಗಳ ಲೆಕ್ಕದಲ್ಲಿ ಎದ್ದು ನಿಂತಿತು. ಅದರ ಯೋಜನೆಗೆ ಚಾರ್ಲ್ಸ್ ಕೊರಿಯಾ ಅವರಂಥ ಹೆಸರಾಂತ ವಾಸ್ತುಶಿಲ್ಪಿಯ ಸಲಹೆಯಿತ್ತು.

ಹೀಗೆ ಒಂದು ಊರೇ ಮುಳುಗಿ, ಇನ್ನೊಂದು ಊರು ಎದ್ದ ಜಾಗದಲ್ಲಿ ಸಿವಿಲ್ ಓದುವ ಮಕ್ಕಳಿಗೆ ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆಯನ್ನು ಗಟ್ಟಿ ಹೊಡೆಸುವ ಅಗತ್ಯವೇ ಇರಬಾರದು. ಆದರೆ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಡೆಯುತ್ತಿರುವುದು ಅದೇ. ಬ್ರುಂಟ್‌ಲ್ಯಾಂಡ್ ವರದಿ ಬಂದ ವರ್ಷ, ವಿಶ್ವಸಂಸ್ಥೆಯ 17 ಗುರಿಗಳು, ಓಝೋನ್ ಪದರ, ಆಮ್ಲಮಳೆ ಎಲ್ಲವೂ ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮುಗಿಸುವ ವಿಷಯಗಳಾಗಿವೆ. ಮರುದಿನ ಅದೇ ವಿದ್ಯಾರ್ಥಿ ಕಾಂಕ್ರೀಟಿನ ಮಿಶ್ರಣ ವಿನ್ಯಾಸ ಮಾಡಲು ಕೂತಾಗ ಆ ಓದಿನ ಒಂದು ಅಕ್ಷರವೂ ಅವನ ಲೆಕ್ಕದೊಳಗೆ ಇಳಿಯುವುದಿಲ್ಲ. ಸುಸ್ಥಿರತೆ ಬೇರೆ ಪತ್ರಿಕೆಯಾಗಿ ಉಳಿದಷ್ಟು ಕಾಲ ಕಟ್ಟಡಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅದು ವಿನ್ಯಾಸದ ಪಾಠಗಳೊಳಗೆ, ಎಲ್ಲಕ್ಕಿಂತ ಮೊದಲು ಎಸ್ಟಿಮೇಶನ್ ಪಾಠದೊಳಗೆ ಬರಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ನೆಲವನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸಬೇಕೆಂಬುದು ಈ ಬರಹದ ಉದ್ದೇಶ.

ಪಠ್ಯದೊಳಗೆ ಬಂದ ಬಗೆ

ನಮ್ಮ ಪಠ್ಯಕ್ಕೆ ಪರಿಸರ ಬಂದದ್ದು ನ್ಯಾಯಾಲಯದ ಬಾಗಿಲಿನಿಂದ. ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರ ನವೆಂಬರಿನಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದು ನಿರ್ದೇಶನ ಕೊಟ್ಟಿತು. ಅದು ಜಾರಿಗೆ ಬರಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಕೊನೆಗೆ ಯುಜಿಸಿ ಎಲ್ಲ ಪದವಿಗಳಿಗೂ ಒಂದೇ ತೆರನಾದ ಪಠ್ಯ ರೂಪಿಸಿತು. ಬಿ.ಎ. ಓದುವವರಿಗೂ ಬಿ.ಇ. ಓದುವವರಿಗೂ ಒಂದೇ ಪಾಠ ಆದದ್ದರಿಂದ, ಸಿಮೆಂಟು ಸುರಿಯುವವರಿಗೆ ಸಿಮೆಂಟಿನ ಬಗ್ಗೆ, ಕಾಲುವೆ ತೋಡುವವರಿಗೆ ಜವಳಿನ ಬಗ್ಗೆ ಹೇಳುವ ಅವಕಾಶ ಅದರಲ್ಲಿ ಇರಲಿಲ್ಲ.

ಎರಡನೆಯ ಒತ್ತಡ ಹೊರಗಿನಿಂದ ಬಂತು. 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ದೇಶವಾಯಿತು. ನಮ್ಮ ಎಂಜಿನಿಯರಿಂಗ್ ಪದವಿಗೆ ಹೊರದೇಶಗಳ ಮಾನ್ಯತೆ ಬೇಕಿದ್ದರೆ ಪದವೀಧರರಲ್ಲಿ ಇಂಥಿಂಥ ಗುಣಗಳು ಇರಬೇಕು ಎಂದು ರಾಷ್ಟ್ರೀಯ ಮಾನ್ಯತಾ ಮಂಡಳಿ ಹನ್ನೆರಡು ಅಂಶಗಳ ಪಟ್ಟಿಯನ್ನು ಮುಂದಿಟ್ಟಿತ್ತು. ಅದರಲ್ಲಿ ಏಳನೆಯದು ಪರಿಸರ ಮತ್ತು ಸುಸ್ಥಿರತೆ ಆಗಿತ್ತು. 2021ರಲ್ಲಿ ಅಂತರರಾಷ್ಟ್ರೀಯ ಎಂಜಿನಿಯರಿಂಗ್ ಒಕ್ಕೂಟ ಈ ಗುಣಪಟ್ಟಿಯನ್ನೇ ಪರಿಷ್ಕರಿಸಿ, ಸುಸ್ಥಿರತೆಯನ್ನು ಇನ್ನಷ್ಟು ಮುಂದಕ್ಕೆ ತಂದಿತು. ಆದರೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಸುಸ್ಥಿರತೆಯ ಅಂಶಕ್ಕೆ ಏನಾಗುತ್ತದೆ ಎನ್ನುವುದು ಮಾನ್ಯತೆಯ ಕಡತ ತುಂಬಿದವರಿಗೆಲ್ಲ ಗೊತ್ತು. ಪ್ರತಿ ವಿಷಯದ ಎದುರು ಒಂದು ಕೋಷ್ಟಕ, ಕೋಷ್ಟಕದ ಚೌಕಗಳಲ್ಲಿ ಒಂದು, ಎರಡು, ಮೂರು ಎಂಬ ಅಂಕೆಗಳು. ಅಂಕೆ ತುಂಬಿದರೆ ಸುಸ್ಥಿರತೆ ಕಲಿಸಿದ ಹಾಗೆ. ಇದಕ್ಕೆ ಅಧ್ಯಾಪಕರನ್ನು ಹೊಣೆ ಮಾಡುವುದು ಅನ್ಯಾಯ. ಪರೀಕ್ಷೆಯಲ್ಲಿ ಕೇಳದ್ದನ್ನು ಕಲಿಸಲು ಅವರಿಗೆ ಗಂಟೆಯನ್ನೇ ಕೊಟ್ಟಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಇತ್ತೀಚಿನ ಪಠ್ಯಕ್ರಮಗಳಲ್ಲಿ ಸೋಶಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ ಎಂಬ ವಿಷಯ ಸೇರಿಸಿದೆ. ಗಿಡ ನೆಟ್ಟು ಸಾಕುವುದು, ಪರಂಪರೆಯ ತಾಣ ನೋಡುವುದು, ನೀರಿನ ಸಂರಕ್ಷಣೆಯಂಥ ಕೆಲಸಗಳು ಅದರಲ್ಲಿವೆ. ಒಳ್ಳೆಯದೇ. ಆದರೆ ಗಿಡ ನೆಟ್ಟ ಕೈ ಮಧ್ಯಾಹ್ನದ ಡ್ರಾಯಿಂಗ್ ತರಗತಿಯಲ್ಲಿ ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಬರೆದರೆ, ಬೆಳಿಗ್ಗೆ ಕಲಿತದ್ದಕ್ಕೂ ಮಧ್ಯಾಹ್ನ ಕಲಿತದ್ದಕ್ಕೂ ಸಂಬಂಧವೇ ಇಲ್ಲ ಎಂದಾಯಿತು.

ಹಾಲೆಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ ಈ ತೊಡಕನ್ನು 1998ರಲ್ಲೇ ಗುರುತಿಸಿತ್ತು. ಎಲ್ಲರಿಗೂ ಒಂದು ಮೂಲ ಪಾಠ, ಪ್ರತಿಯೊಂದು ವಿಷಯದ ಒಳಗೂ ಸುಸ್ಥಿರತೆಯ ಹೆಣಿಗೆ, ಬಯಸಿದವರಿಗೆ ವಿಶೇಷ ಅಧ್ಯಯನ ಎಂಬ ಮೂರು ದಾರಿಗಳನ್ನು ಅದು ಹಾಕಿಕೊಂಡಿತು. ಮೂರರಲ್ಲಿ ಕಠಿಣವಾದದ್ದು ನಡುವಿನದು. ನಾವು ಮೊದಲನೆಯದರಲ್ಲೇ ನಿಂತಿದ್ದೇವೆ.

ನೆಲ ಒಡ್ಡುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ. ಆದರೂ ಇದು ಪ್ರವಾಹದ ಜಿಲ್ಲೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಪಶ್ಚಿಮ ಘಟ್ಟದ ಮಳೆಯನ್ನು ಹೊತ್ತು ಇಲ್ಲಿಗೆ ಬರುತ್ತವೆ. ಇಲ್ಲಿ ಮೋಡವೇ ಇಲ್ಲದ ದಿನ ಊರು ಮುಳುಗಬಹುದು. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕ ಕಂಡ ಮಳೆ-ಹೊಳೆಯಲ್ಲಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆಸಾಲಿನ ಹಳ್ಳಿಗಳು ನೆಲಕಚ್ಚಿದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ದಂಡೆ ಮೀರಿ ಪಟ್ಟದಕಲ್ಲಿನ ದೇಗುಲಗಳ ಆವರಣಕ್ಕೇ ನುಗ್ಗಿತು. ಹೈಡ್ರಾಲಜಿ ಓದುವ ವಿದ್ಯಾರ್ಥಿಗೆ ಪಠ್ಯಪುಸ್ತಕದ ಹೆಸರಿಲ್ಲದ ನದಿಯ ಮಾಹಿತಿ ಕೊಟ್ಟು ಪ್ರವಾಹದ ರೇಖೆ ಎಳೆಸುವ ಬದಲು, ಸವದತ್ತಿಯ ನವಿಲುತೀರ್ಥದಿಂದ ಕೂಡಲಸಂಗಮದವರೆಗಿನ ಮಲಪ್ರಭೆಯನ್ನು ಕೊಡಬಹುದು. ಹೊಳೆಯ ಪಾತ್ರ ಎಲ್ಲೆಲ್ಲಿ ಒತ್ತುವರಿಯಾಗಿದೆ, ಯಾವ ಸೇತುವೆಯ ಕಣ್ಣುಗಳು ಸಣ್ಣವಾಗಿವೆ, ಎಲ್ಲಿ ಜಾಲಿ ಬೆಳೆದು ನೀರಿಗೆ ತಡೆಯಾಗಿದೆ ಎಂಬುದು ನಡೆದು ನೋಡಿದರೆ ಗೊತ್ತಾಗುವ ಸಂಗತಿ.

2009ರ ನಂತರ ಸರ್ಕಾರ ದಾನಿಗಳ ನೆರವಿನಿಂದ ಆಸರೆ ಮನೆಗಳನ್ನು ಕಟ್ಟಿಸಿತು. ಎತ್ತರದ ಜಾಗ, ಗಟ್ಟಿ ಗೋಡೆ, ಸಾಲಾದ ಮನೆಗಳು. ಜನ ಹೋಗಿ ನೆಲೆಸಿದ ಕಡೆಗಳಿವೆ. ಬಾಗಿಲಿಗೆ ಹಾಕಿದ ಬೀಗ ತೆಗೆಯದೆ ಮುಳ್ಳುಕಂಟಿ ಬೆಳೆದ ಕಡೆಗಳೂ ಇವೆ. ದನ ಎಲ್ಲಿ ಕಟ್ಟಬೇಕು, ಕಾಳು ಎಲ್ಲಿ ಇಡಬೇಕು, ಹೊಲಕ್ಕೆ ಎಷ್ಟು ದೂರ ನಡೆಯಬೇಕು ಎಂಬ ಪ್ರಶ್ನೆಗಳಿಗೆ ನಕ್ಷೆಯಲ್ಲಿ ಉತ್ತರವಿಲ್ಲದಿದ್ದರೆ ಕಟ್ಟಡ ಎಷ್ಟು ಗಟ್ಟಿಯಿದ್ದರೂ ವ್ಯರ್ಥ. ಯಾರೂ ವಾಸಿಸದ ಮನೆಗೆ ಸುರಿದ ಸಿಮೆಂಟಿಗಿಂತ ದೊಡ್ಡ ಪೋಲು ಇನ್ನೊಂದಿಲ್ಲ. ಬಿಲ್ಡಿಂಗ್ ಪ್ಲಾನಿಂಗ್ ಪತ್ರಿಕೆಯಲ್ಲಿ ಎರಡು ಬೆಡ್‌ರೂಮಿನ ಮನೆ ಬರೆಸುವುದು ವಾಡಿಕೆ. ಇಳಕಲ್ಲಿನ ನೇಕಾರನ ಮನೆ ಬರೆಸಿ ನೋಡಿ. ನೆಲದಲ್ಲಿ ಕುಣಿ ತೋಡಿ ಹೂಡುವ ಕೈಮಗ್ಗಕ್ಕೆ ಎಷ್ಟು ಉದ್ದಗಲ ಬೇಕು, ಸೆರಗಿನ ಕೆಲಸಕ್ಕೆ ಯಾವ ದಿಕ್ಕಿನ ಬೆಳಕು ಬೇಕು, ಆ ಕುಣಿಗೆ ಮಳೆಗಾಲದಲ್ಲಿ ಜಿನುಗು ನೀರು ಬಾರದಂತೆ ಏನು ಮಾಡಬೇಕು? ಇಷ್ಟನ್ನು ಬಿಡಿಸಿದ ವಿದ್ಯಾರ್ಥಿಗೆ ಮನೆ ಎಂಬುದು ಯಾರಿಗಾಗಿ ಎಂಬ ಪ್ರಶ್ನೆ ಜೀವನಪೂರ್ತಿ ಜೊತೆಗಿರುತ್ತದೆ.

ಮಣ್ಣಿನ ಮಾಳಿಗೆ ಮನೆಗಳ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ಕಲ್ಲು-ಮಣ್ಣಿನ ದಪ್ಪ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ತುಳಿದು ಕೂರಿಸಿದ ಮಣ್ಣು, ನಡುವೆ ಬೆಳಕಿಂಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಆರ್‌ಸಿಸಿ ತಾರಸಿಯ ಮನೆಯಿಂದ ಎದ್ದು ಇಂಥ ಮನೆಯ ಪಡಸಾಲೆಗೆ ಬಂದವರಿಗೆ ಅದರ ತಂಪು ಹೇಳಿಕೊಡಬೇಕಾಗಿಲ್ಲ. ಆದರೆ ಅದರ ತಂಪನ್ನಷ್ಟೇ ಹೊಗಳಿ ಕೂರುವುದು ಎಂಜಿನಿಯರನ ಕೆಲಸವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದಾಗ ಸುಮಾರು ಹತ್ತು ಸಾವಿರ ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕಲ್ಲು-ಮಣ್ಣಿನ ಗೋಡೆ, ಅದರ ಮೇಲಿನ ಮಣ್ಣಿನ ಮಾಳಿಗೆಯ ಭಾರ. 2009ರ ಮಳೆಯಲ್ಲಿ ನಮ್ಮ ಹಳ್ಳಿಗಳಲ್ಲಿ ಕುಸಿದವೂ ಹೆಚ್ಚಾಗಿ ಇವೇ. ಹಾಗಾದರೆ ಆ ತಂಪನ್ನು ಉಳಿಸಿಕೊಂಡು ಭಾರವನ್ನು ಇಳಿಸುವುದು ಹೇಗೆ? ಗೋಡೆಗೆ ಸುತ್ತುಪಟ್ಟಿ ಎಲ್ಲಿ ಕೊಡಬೇಕು? ಬುನಾದಿಗೆ ನೀರು ತಾಗದಂತೆ ಯಾವ ಎತ್ತರದವರೆಗೆ ಕಲ್ಲು ಕಟ್ಟಬೇಕು? ಸ್ಟ್ರಕ್ಚರ್ಸ್ ವಿಭಾಗದ ಪ್ರಾಜೆಕ್ಟ್ ವರ್ಕ್ ಎಂದರೆ ಇದು.

ಈ ದಾರಿಯಲ್ಲಿ ಕನ್ನಡ ನಾಡಿಗೆ ತನ್ನದೇ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಅವರು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿ ಮಾಡುವ ಇಟ್ಟಂಗಿಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಸುಟ್ಟ ಇಟ್ಟಂಗಿಗೆ ತಗಲುವ ಶಕ್ತಿಯ ಕಾಲು ಭಾಗದಷ್ಟರಲ್ಲೇ ಇಂಥ ಇಟ್ಟಂಗಿ ಸಿದ್ಧವಾಗುತ್ತದೆಂದು ಅವರ 2003ರ ಅಧ್ಯಯನ ತೋರಿಸಿತು. ಬಾದಾಮಿ-ಗುಳೇದಗುಡ್ಡದ ಕೆಂಪು ಮರಳುಮಣ್ಣು ಇದಕ್ಕೆ ಒಗ್ಗಬಹುದು. ಹುನಗುಂದದ ಎರೆಮಣ್ಣು ಒಗ್ಗುವುದಿಲ್ಲ. ಯಾವುದು, ಏಕೆ, ಎಷ್ಟು ಎಂದು ಮಣ್ಣು ತಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಒಂದು ಸೆಮಿಸ್ಟರಿಗೆ ಸಾಲುವಷ್ಟು ಕೆಲಸ.

ಎರೆಮಣ್ಣಿನ ವಿಷಯಕ್ಕೆ ಬಂದರೆ, ಅದು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮನೆಯ ಗೋಡೆಗಳ ಓರೆ ಬಿರುಕು, ರಸ್ತೆಯ ಅಲೆ, ಕಾಲುವೆಯ ಒಡೆದ ಲೈನಿಂಗ್ ಎಲ್ಲಕ್ಕೂ ಅದೇ ಮೂಲ. ಉಬ್ಬದ ಮಣ್ಣಿನ ಪದರವನ್ನು ನಡುವೆ ಹಾಸಿ ಆ ಒತ್ತಡವನ್ನು ತಡೆಯುವ ವಿಧಾನವನ್ನು ಐಐಟಿ ಬಾಂಬೆಯ ಆರ್.ಕೆ. ಕಟ್ಟಿ ಬೆಳೆಸಿದರು, ಅದು ಕಾಲುವೆಗಳ ಭಾರತೀಯ ಮಾನಕದಲ್ಲೂ ಸೇರಿದೆ. ಹತ್ತಿರದಲ್ಲೇ ಸಿಗುವ ಗರಸಿನಿಂದ ಸಾಧ್ಯವಾಗುವ ಕೆಲಸವಾದ್ದರಿಂದ ಇದು ಸುಸ್ಥಿರತೆಯ ಪಾಠವೂ ಹೌದು. ಆದರೆ ಪಠ್ಯದಲ್ಲಿ ಇದನ್ನು ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ.

ಹುನಗುಂದದ ರೈತರು ಇದೇ ಎರೆಭೂಮಿಯಲ್ಲಿ ತಲೆತಲಾಂತರದಿಂದ ಒಡ್ಡು ಹಾಕಿ, ಮಿಕ್ಕ ನೀರು ಮಣ್ಣು ಕೊಚ್ಚದೆ ಇಳಿದು ಹೋಗಲೆಂದು ಕಲ್ಲಿನ ಕೋಡಿ ಕಟ್ಟಿಕೊಂಡು ಬಂದಿದ್ದಾರೆ. ನೀರು ಹೊಲದಲ್ಲಿ ನಿಂತು ಇಂಗಿ, ಹಿಂಗಾರಿ ಜೋಳ-ಕಡಲೆಗೆ ತೇವ ಉಳಿಯುತ್ತದೆ. ಕೋಡಿಯ ಎತ್ತರ ಒಂದು ಗೇಣು ತಪ್ಪಿದರೆ ಹೊಲ ಜೌಗಾಗುತ್ತದೆ ಇಲ್ಲವೇ ಒಡ್ಡು ಒಡೆಯುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲೆವೆಲಿಂಗ್ ಉಪಕರಣ ಹಿಡಿದು ಇಂಥ ಹೊಲಗಳನ್ನು ಅಳೆದರೆ ಅವರ ಗಣಿತಕ್ಕೂ ರೈತರ ಅಂದಾಜಿಗೂ ಎಷ್ಟು ಹತ್ತಿರವಿದೆ ಎಂಬುದು ಗೊತ್ತಾದೀತು. ಅದರ ಎದುರಿಗೇ, ಕಾಲುವೆ ನೀರು ಬಂದ ಕಡೆ ಬಸಿಗಾಲುವೆಯಿಲ್ಲದೆ ಸವಳು-ಜವಳಾದ ಹೊಲಗಳನ್ನೂ ತೋರಿಸಬೇಕು. ನೀರು ಕೊಡುವುದನ್ನು ನಾವು ಪೂರ್ತಿ ಕಲಿಸುತ್ತೇವೆ, ನೀರು ಬಸಿಯುವುದನ್ನು ಅರ್ಧ ಕಲಿಸುತ್ತೇವೆ.

ಕುಡಿಯುವ ನೀರಿನ ಮಾತೂ ಇಷ್ಟೇ. ಹುನಗುಂದ-ಇಳಕಲ್ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು. ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ. ಆ ಘಟಕ ಹೊರಹಾಕುವ, ಫ್ಲೋರೈಡ್ ಇನ್ನಷ್ಟು ದಟ್ಟವಾದ ನೀರು ಎಲ್ಲಿಗೆ ಹರಿಯುತ್ತದೆ ಎಂದು ನೀರು ಶುದ್ಧೀಕರಣದ ಪಾಠ ಕೇಳಬೇಕು.

ಕಲ್ಲು, ಸುಣ್ಣ, ಬೂದಿ

ಸುಣ್ಣದಕಲ್ಲು, ಗ್ರಾನೈಟು, ಕಬ್ಬಿನ ಸಿಪ್ಪೆಯ ಬೂದಿ ಒಂದೇ ಜಿಲ್ಲೆಯಲ್ಲಿ ಇಷ್ಟು ಹತ್ತಿರ ಹತ್ತಿರ ಸಿಗುವುದು ಅಪರೂಪ. ಕಲಾದಗಿ ಶಿಲಾಸ್ತರದ ಸುಣ್ಣದಕಲ್ಲಿನಿಂದ ಬಾಗಲಕೋಟೆ, ಮುದ್ದಾಪುರಗಳಲ್ಲಿ ಸಿಮೆಂಟು ಕಾರ್ಖಾನೆಗಳು ಎದ್ದಿವೆ. 100 ಕಿಲೋ ಶುದ್ಧ ಸುಣ್ಣದಕಲ್ಲನ್ನು ಕಾಯಿಸಿದರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಇದು ಉರುವಲಿನ ಹೊಗೆಯಲ್ಲ, ಕಲ್ಲಿನೊಳಗಿನದೇ. ಕುಲುಮೆಯನ್ನು ಸೂರ್ಯನ ಶಾಖದಿಂದ ನಡೆಸಿದರೂ ಇದು ತಪ್ಪುವುದಿಲ್ಲ. ಜಗತ್ತು ಹೊರಸೂಸುವ ಈ ಅನಿಲದಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದೇ. ಆದ್ದರಿಂದ ಸುಣ್ಣದಕಲ್ಲು ಸುಟ್ಟು ಮಾಡುವ ಕ್ಲಿಂಕರನ್ನು ಸಿಮೆಂಟಿನಲ್ಲಿ ಕಡಿಮೆ ಮಾಡುವುದೊಂದೇ ದೊಡ್ಡ ದಾರಿ. ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲಿನ ಪುಡಿ ಬೆರೆಸಿ ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಸಿಮೆಂಟಿಗೆ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಮಾನಕ ಹೊರಡಿಸಿದೆ. ನೆರೆಯ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದ್ದು, ಅದರ ಹಾರುಬೂದಿಯೂ ದೂರದಲ್ಲಿಲ್ಲ. ಮುಧೋಳ-ಜಮಖಂಡಿಯ ಸಕ್ಕರೆ ಕಾರ್ಖಾನೆಗಳ ಬಾಯ್ಲರಿನಿಂದ ಬರುವ ಸಿಪ್ಪೆ ಬೂದಿಯಲ್ಲಿ ಸಿಲಿಕ ಇದೆ. ಆದರೆ ಹದ ತಪ್ಪಿ ಸುಟ್ಟಿದ್ದರೆ ಇಂಗಾಲ ಉಳಿದು ಕಾಂಕ್ರೀಟನ್ನು ಕೆಡಿಸುತ್ತದೆ. ಜರಡಿ ಹಿಡಿದು, ಅರೆದು, ಕ್ಯೂಬು ಹಾಕಿ 7, 28, 90 ದಿನಕ್ಕೆ ಒಡೆದು ನೋಡುವವರೆಗೆ ಅದು ಬರೀ ಬೂದಿ.

ಇಳಕಲ್ಲಿನ ಕೆಂಪು ಗ್ರಾನೈಟು ಹೊರದೇಶಗಳಿಗೂ ಹೋಗುತ್ತದೆ. ಆದರೆ ಗಣಿಯ ದಂಡೆಯಲ್ಲಿ ನಿಂತರೆ ಕಾಣುವುದು ಹೋದದ್ದಲ್ಲ, ಉಳಿದದ್ದು. ಬಿರುಕಿದೆ, ಬಣ್ಣ ಕೂಡಲಿಲ್ಲ, ಅಳತೆಗೆ ಬರಲಿಲ್ಲ ಎಂದು ಬಿಟ್ಟ ಬಂಡೆಗಳ ಗುಡ್ಡೆಗಳು. ಪಾಲಿಶ್ ಘಟಕಗಳ ಹಿಂದೆ ಗರಗಸದಿಂದ ಬಂದ ನುಣ್ಣನೆಯ ಕೆಸರು ಒಣಗಿ, ಗಾಳಿ ಬಂದಾಗ ಬಿಳಿ ಧೂಳಾಗಿ ಏಳುತ್ತದೆ. ಕೆಲಸಗಾರರ ಪುಪ್ಪುಸಕ್ಕೂ ಹೋಗುತ್ತದೆ. ಇತ್ತ ಅದೇ ಜಿಲ್ಲೆಯಲ್ಲಿ ಉಸುಕಿಗಾಗಿ ಹೊಳೆಯ ಒಡಲು ಬಗೆಯುವುದು ನಿಂತಿಲ್ಲ. ಬಿಟ್ಟ ಬಂಡೆಯಿಂದ ಖಡಿ ಮತ್ತು ಎಂ-ಸ್ಯಾಂಡ್, ಕೆಸರಿನ ಪುಡಿಯಿಂದ ಉಸುಕಿನ ಒಂದು ಪಾಲು, ಪೇವರ್ ಬ್ಲಾಕ್ ಆಗುತ್ತವೆಂದು ಹಲವು ಕಾಲೇಜುಗಳ ಪ್ರಯೋಗಾಲಯಗಳು ತೋರಿಸಿವೆ. 2016ರಲ್ಲಿ ಪರಿಷ್ಕರಿಸಿದ ಐಎಸ್ 383 ಕೆಡವಿದ ಕಾಂಕ್ರೀಟಿನ ಖಡಿಯನ್ನು ಕಬ್ಬಿಣ ಹಾಕಿದ ಸಾಧಾರಣ ಕಾಂಕ್ರೀಟಿಗೆ ಶೇ 20ರವರೆಗೆ ಒಪ್ಪಿದೆ. ಅಂದರೆ ಕಾನೂನಿನ ಬಾಗಿಲು ತೆರೆದಿದೆ. ಆದರೂ ಈ ಪ್ರಾಜೆಕ್ಟುಗಳ ವರದಿಗಳು ಗ್ರಂಥಾಲಯದ ಕಪಾಟಿನಲ್ಲೇ ಉಳಿದುಬಿಡುತ್ತವೆ. ಕಾರಣ ಮುಂದೆ ಹೇಳುತ್ತೇನೆ.

ಬಾದಾಮಿಯ ಮರಳುಗಲ್ಲಿನ ಮಾತಿಲ್ಲದೆ ಈ ಸಮೀಕ್ಷೆ ಪೂರ್ತಿಯಾಗದು. 578ರಲ್ಲಿ ಮಂಗಲೇಶನ ಶಾಸನ ಕಂಡ ಮೂರನೆಯ ಗುಹೆ, 634ರ ಐಹೊಳೆಯ ಮೇಗುತಿ, ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ. ವಿರೂಪಾಕ್ಷವನ್ನು ಕಟ್ಟಿದ ಅನಿವಾರಿತಾಚಾರಿ ಗುಂಡನ ಹೆಸರು ಅಲ್ಲಿನ ಶಾಸನದಲ್ಲೇ ಇದೆ. ಕಲ್ಲು ಹತ್ತಿರದ ಗುಡ್ಡಗಳದೇ. ಬಹುಪಾಲು ಗಾರೆಯಿಲ್ಲದೆ, ತೂಕ ಮತ್ತು ಕೂಡುಗಳ ಬಲದಿಂದಲೇ ನಿಂತ ಕಟ್ಟಡಗಳು ಇವು. ವಿದ್ಯಾರ್ಥಿಗಳನ್ನು ಇಲ್ಲಿಗೆ ಪ್ರವಾಸಕ್ಕೆ ಕರೆದೊಯ್ಯುತ್ತೇವೆ, ಫೋಟೋ ತೆಗೆಸಿ ವಾಪಸು ತರುತ್ತೇವೆ. ತೊಲೆಗಲ್ಲಿನ ಬಾಗುವಿಕೆಯ ಲೆಕ್ಕ ಮಾಡಿಸುವುದಿಲ್ಲ. ಮಳೆನೀರು ಗುಡ್ಡದಿಂದ ಬಾದಾಮಿಯ ಅಗಸ್ತ್ಯ ತೀರ್ಥದ ಕೆರೆಗೆ ಇಳಿಯುವ ದಾರಿಗಳ ನಕ್ಷೆ ಎಳೆಸುವುದಿಲ್ಲ. ಐಹೊಳೆಯಲ್ಲಿ ಗುಡಿಗಳಿಗೆ ಅಂಟಿಕೊಂಡೇ ಬದುಕುವ ಜನರಿಗೆ, ಸ್ಮಾರಕದಿಂದ 100 ಮೀಟರೊಳಗೆ ಹೊಸದಾಗಿ ಕಟ್ಟಬಾರದೆಂಬ 2010ರ ಕಾನೂನು ಏನು ಮಾಡಿದೆ ಎಂದು ಕೇಳಿ ಬರೆಯಿಸುವುದೂ ಇಲ್ಲ.

ನಿರ್ಧಾರ ಆಗುವ ಜಾಗ

ಪ್ರಯೋಗಾಲಯದಲ್ಲಿ ಗೆದ್ದದ್ದು ಊರಿಗೆ ಬರದಿರಲು ಕಾರಣ ಎಸ್ಟಿಮೇಟು. ಸರ್ಕಾರಿ ಕೆಲಸದಲ್ಲಿ ಎಸ್‌ಆರ್ ಎಂಬ ಇಲಾಖೆಯ ದರಪಟ್ಟಿಯಲ್ಲಿ ದರವಿಲ್ಲದ ವಸ್ತು ಇಲ್ಲವೆಂದೇ ಲೆಕ್ಕ. ಕಿರಿಯ ಎಂಜಿನಿಯರ್ ಒಬ್ಬರು ಎಷ್ಟೇ ಆಸೆಯಿದ್ದರೂ ಮಣ್ಣಿನ ಬ್ಲಾಕನ್ನೋ ಗ್ರಾನೈಟ್ ಪುಡಿಯನ್ನೋ ಅಂದಾಜುಪಟ್ಟಿಗೆ ಸೇರಿಸಬೇಕಾದರೆ ದರ ವಿಶ್ಲೇಷಣೆ ಮಾಡಿ, ಮೇಲಿನವರಿಂದ ಒಪ್ಪಿಗೆ ಪಡೆದು, ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವ ಧೈರ್ಯ ಬೇಕು. ಆ ದರ ವಿಶ್ಲೇಷಣೆ ಮಾಡಲು ಕಲಿಸುವ ಪತ್ರಿಕೆ ಕಾಲೇಜಿನಲ್ಲಿದೆ. ಆದರೆ ಅಲ್ಲಿ ಕಲಿಸುವುದು ಇಟ್ಟಂಗಿ ಗೋಡೆ, ಆರ್‌ಸಿಸಿ, ಪ್ಲಾಸ್ಟರ್ ಇಷ್ಟನ್ನೇ.

ಒಂದು ಲೆಕ್ಕ ಮಾಡೋಣ. 100 ಚದರ ಮೀಟರಿನ ತಾರಸಿ, 125 ಮಿಲಿಮೀಟರ್ ದಪ್ಪ. ಕಾಂಕ್ರೀಟು 12.5 ಘನ ಮೀಟರ್. ಘನ ಮೀಟರಿಗೆ 320 ಕಿಲೋದಂತೆ ಸಿಮೆಂಟು 4,000 ಕಿಲೋ, ಅಂದರೆ 80 ಚೀಲ. ಇಲ್ಲಿಗೆ ನಮ್ಮ ವಿದ್ಯಾರ್ಥಿ ದರ ಹಾಕಿ ಉತ್ತರಕ್ಕೆ ಗೆರೆ ಎಳೆಯುತ್ತಾನೆ. ಇನ್ನೊಂದು ಕಾಲಂ ಹಾಕಿಸಿ. ಸಾದಾ ಸಿಮೆಂಟಿಗೆ ಕಿಲೋಗೆ ಸುಮಾರು 0.85 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ 3.4 ಟನ್. ಅದರ ಬದಲು ಶೇ 30ರಷ್ಟು ಹಾರುಬೂದಿಯ ಪಿಪಿಸಿ ಹಾಕಿದರೆ ಸುಮಾರು 2.4 ಟನ್. ಒಂದೇ ಮನೆಯ ಒಂದೇ ತಾರಸಿಯಲ್ಲಿ ಒಂದು ಟನ್ ಉಳಿಯಿತು, ಅದೂ ಗೌಂಡಿಯ ಕೆಲಸ ಬದಲಾಗದೆ. ಮೂರನೆಯ ಕಾಲಂ ನೀರಿನದು. ಬೆರಕೆ ಸಿಮೆಂಟಿಗೆ ಕ್ಯೂರಿಂಗ್ ಕನಿಷ್ಠ 10 ದಿನ ಬೇಕು, ಬಿಸಿಲಿನ ನಾಡಿನಲ್ಲಿ 14 ದಿನ ಒಳ್ಳೆಯದು ಎನ್ನುತ್ತದೆ ಐಎಸ್ 456. ಮೇ ತಿಂಗಳ ಬಾದಾಮಿಯಲ್ಲಿ ಟ್ಯಾಂಕರ್ ನೀರಿನಿಂದ ಅಷ್ಟು ದಿನ ನೆನೆಸುವುದು ಹೇಗೆ? ಗೋಣಿಚೀಲ ಹಾಸುವುದೋ, ಒಡ್ಡು ಕಟ್ಟಿ ನೀರು ನಿಲ್ಲಿಸುವುದೋ, ಮಳೆಗಾಲ ಕಳೆಯುವವರೆಗೆ ಕಾಯುವುದೋ? ನಾಲ್ಕನೆಯದು ಆಯುಷ್ಯದ ಕಾಲಂ: ಹತ್ತು, ಇಪ್ಪತ್ತೈದು, ಐವತ್ತು ವರ್ಷದ ದುರಸ್ತಿ ಖರ್ಚು. ಹೀಗೆ ನಾಲ್ಕು ಕಾಲಂ ತುಂಬಿದ ಮೇಲೆ ವಿದ್ಯಾರ್ಥಿ ಯಾವ ಉತ್ತರ ಆರಿಸಿದರೂ ಅದಕ್ಕೆ ಕಾರಣ ಹೇಳಬಲ್ಲ. ಕಾರಣ ಹೇಳಬಲ್ಲ ಎಂಜಿನಿಯರ್ ಮುಂದೆ ಇಲಾಖೆಯಲ್ಲಿ ಕೂತಾಗ ಎಸ್‌ಆರ್ ಪಟ್ಟಿಗೆ ಹೊಸ ಸಾಲು ಸೇರಿಸಬಲ್ಲ.

ಇದಕ್ಕೆ ಹೊಸ ಪತ್ರಿಕೆ ಬೇಡ, ಹೊಸ ಹುದ್ದೆ ಬೇಡ, ಕಟ್ಟಡ ಬೇಡ. ಪ್ರಶ್ನೆಪತ್ರಿಕೆ ಬದಲಾದರೆ ಸಾಕು. ನಮ್ಮ ವ್ಯವಸ್ಥೆಯಲ್ಲಿ ಪಾಠವನ್ನು ನಿರ್ಧರಿಸುವುದು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ಪ್ರಶ್ನೆಪತ್ರಿಕೆ. ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಗಳಿಗೆ ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ರೂಪಿಸುವ ಅಧಿಕಾರವಿದೆ. ಆ ಅಧಿಕಾರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ.

ಇನ್ನೊಂದು ಸಿದ್ಧ ಸಾಧನ ಎಕ್ಸ್‌ಟೆನ್ಸಿವ್ ಸರ್ವೆ ಕ್ಯಾಂಪು. ಹೊಸ ಕೆರೆ, ಹಳೆ ಕೆರೆಯ ಪುನರುಜ್ಜೀವನ, ಊರಿನ ನೀರು-ಚರಂಡಿ, ರಸ್ತೆ ಎಂಬ ನಾಲ್ಕು ಕೆಲಸಗಳನ್ನು ವಿಟಿಯು ವಿದ್ಯಾರ್ಥಿಗಳು ಬಯಲಿನಲ್ಲಿ ಬೀಡುಬಿಟ್ಟು ಮಾಡುವುದು ಮೊದಲಿನಿಂದ ನಡೆದು ಬಂದಿದೆ. ನಮ್ಮ ಇಡೀ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಇದಕ್ಕಿಂತ ಒಳ್ಳೆಯ ಭಾಗ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಕ್ಯಾಂಪು ಮುಗಿದ ಮೇಲೆ ಡ್ರಾಯಿಂಗು ಶೀಟುಗಳು ವೈವಾ ಮುಗಿಸಿ ಮೂಲೆ ಸೇರುತ್ತವೆ. ಒಂದೇ ಕೆರೆಗೆ ಪ್ರತಿ ವರ್ಷ ಹೋಗಿ, ಹೂಳಿನ ಮಟ್ಟ ಅಳೆದು, ಹಿಂದಿನ ತಂಡದ ಶೀಟಿನ ಮೇಲೆ ಮುಂದಿನ ತಂಡ ಕೆಲಸ ಮಾಡಿ, ವರದಿಯನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯತಿಗೆ ಕೊಟ್ಟರೆ ಹತ್ತು ವರ್ಷದಲ್ಲಿ ಜಿಲ್ಲೆಗೆ ಒಂದು ದಾಖಲೆ ಸಿಗುತ್ತದೆ. ಊರಿನವರಿಗೆ ಓದಲು ಬಾರದ ಭಾಷೆಯ ವರದಿ ಆ ಊರಿಗೆ ಎಂದೂ ಬೇಕಾಗುವುದಿಲ್ಲ.

ಡಿಪ್ಲೊಮಾ ಮತ್ತು ಐಟಿಐ ಮಕ್ಕಳನ್ನು ಈ ಚರ್ಚೆಯಿಂದ ಹೊರಗಿಡುವ ರೂಢಿಯೂ ಹೋಗಬೇಕು. ಸೈಟಿನಲ್ಲಿ ನಿಂತು ಕಾಂಕ್ರೀಟಿಗೆ ಎಷ್ಟು ನೀರು ಬೀಳಬೇಕೆಂದು ನೋಡುವವರು ಅವರೇ. ಹೆಚ್ಚು ನೀರು ಸುರಿದ ಕಾಂಕ್ರೀಟು ಅರ್ಧ ಆಯುಷ್ಯಕ್ಕೆ ಕೆಡುತ್ತದೆ. ಆಮೇಲೆ ಅದಕ್ಕೆ ಯಾವ ಹಸಿರು ಪ್ರಮಾಣಪತ್ರ ಕೊಟ್ಟರೂ ಪ್ರಯೋಜನವಿಲ್ಲ.

ಆಲಮಟ್ಟಿಯ ಮಟ್ಟ ಈಗ 519.60 ಮೀಟರ್. ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಗೇಟು ಏರಿದ ದಿನ ಇನ್ನಷ್ಟು ಹೊಲ, ಇನ್ನಷ್ಟು ಊರು ಜಾಗ ಬಿಡಬೇಕಾಗುತ್ತದೆ. ಹೊಸ ಊರುಗಳ ನಕ್ಷೆ ಎಳೆಯುವವರು ಇಂದು ಇದೇ ಜಿಲ್ಲೆಯ ತರಗತಿಗಳಲ್ಲಿ ಕೂತಿರುವ ಹುಡುಗ ಹುಡುಗಿಯರು. ಆದ್ದರಿಂದ ಪಠ್ಯ ಪರಿಷ್ಕರಣೆಗೆ ಕೂರುವ ಅಧ್ಯಯನ ಮಂಡಳಿಯ ಗುರುಗಳಲ್ಲಿ ಒಂದು ಕೋರಿಕೆ: ಮುಂದಿನ ಸೆಮಿಸ್ಟರಿನ ಎಸ್ಟಿಮೇಶನ್ ಪ್ರಶ್ನೆಪತ್ರಿಕೆಯಲ್ಲಿ ಒಂದೇ ಒಂದು ಪ್ರಶ್ನೆಗಾದರೂ ಇಂಗಾಲ, ನೀರು, ಆಯುಷ್ಯ ಎಂಬ ಆ ಮೂರು ಕಾಲಂಗಳನ್ನು ಸೇರಿಸಿ, ಇಪ್ಪತ್ತು ಅಂಕ ಕೊಡಿ.